ಅಪ್‌ಡೇಟ್: ಕಂಪನಿ ರೆಫರೆನ್ಸ್ ಲೆಟರ್ (ಏನು ಕೆಲಸ ಮಾಡಿದ್ದೆವು ಅನ್ನೋ ಪತ್ರ) ಕೊಡದಿದ್ದಾಗ ಎಸಿಎಸ್‌ಗೆ ಯಾವ ದಾಖಲೆ ಸಾಕಾಯ್ತು

ಆಸ್ಟ್ರೇಲಿಯಾದ 189 ವೀಸಾಗೆ (ಕಾಯಂ ಆಗಿ ನೆಲೆಸೋ ವೀಸಾ) ಬೇಕಾದ ಎಸಿಎಸ್ ಅಸೆಸ್‌ಮೆಂಟ್, ಅಂದ್ರೆ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ ಐಟಿಯವರ ಓದು, ಅನುಭವ ಪರಿಶೀಲಿಸೋದರ ಬಗ್ಗೆ ಹಿಂದೆ ಇಲ್ಲಿ ಕೇಳಿದ್ದೆ: ಹಳೇ ಕಂಪನಿ ರಿಲೀವಿಂಗ್ ಲೆಟರ್ ಬಿಟ್ಟು ಬೇರೇನೂ ಕೊಡಲ್ಲ ಅಂದಿತ್ತು, ಅಲ್ಲಿನ ಅನುಭವ ತೋರಿಸೋದು ಹೇಗೆ ಅಂತ. ಈಗ ರಿಸಲ್ಟ್ ಬಂದಿದೆ, ಆ ಅನುಭವವನ್ನೂ ಒಪ್ಪಿದ್ದಾರೆ.

ಕೈಹಿಡಿದದ್ದು, ಜತೆಗೆ ಕೆಲಸ ಮಾಡಿದ ಸೀನಿಯರ್ ಕೈಲಿ ಅಫಿಡವಿಟ್ ಮಾಡಿಸಿ ಅಂದವರ ಸಲಹೆ. ಇ-ಸ್ಟಾಂಪ್ ಪೇಪರ್ ಮೇಲೆ ಅವರ ಹುದ್ದೆ, ಇಬ್ಬರ ಕೆಲಸದ ಸಂಬಂಧ, ನಾನು ಸೇರಿದ ಮತ್ತು ಬಿಟ್ಟ ತಾರೀಖು, ಫುಲ್‌ಟೈಮ್ ಅನ್ನೋದು, ಮಾಡಿದ ಕೆಲಸ ಎಲ್ಲ ಇತ್ತು. ಸಹಿ ನೋಟರಿ ಎದುರಿಗೇ ಆಗಬೇಕು. ಕೆಲಸದ ವಿವರವನ್ನು ಆನ್ಜ್‌ಸ್ಕೋ (ಆಸ್ಟ್ರೇಲಿಯಾದ ಉದ್ಯೋಗಗಳ ವರ್ಗೀಕರಣ) ಪಟ್ಟಿಯಿಂದ ಎತ್ತಿ ಹಾಕಬೇಡಿ. ‘ಜಾವಾದಲ್ಲಿ ಬಿಲ್ಲಿಂಗ್ ಮಾಡ್ಯೂಲ್ ಬರೆದರು, ಒರಾಕಲ್ ಕ್ವೆರಿ ಟ್ಯೂನ್ ಮಾಡಿದರು’ ಅನ್ನೋ ಹಾಗಿರಲಿ. ನಾವೇ ನಮ್ಮ ಬಗ್ಗೆ ಅಫಿಡವಿಟ್ ಕೊಡೋ ಐಡಿಯಾ ನಡೆಯಲ್ಲ.

ನನಗೆ ಮೊದಲು ಗೊತ್ತಿಲ್ಲದಿದ್ದ ಒಳ್ಳೇ ಸಂಗತಿ ಅಂದ್ರೆ, ಹಳೇ ಪೇಸ್ಲಿಪ್ ಕಳೆದಿದ್ದರೂ ದಾರಿಯಿದೆ. ಆದಾಯ ತೆರಿಗೆ ಪೋರ್ಟಲ್‌ನ 26ಎಎಸ್ (ಸಂಬಳದಲ್ಲಿ ಹಿಡಿದ ತೆರಿಗೆಯ ವಿವರ), ಪಿಎಫ್ ಪಾಸ್‌ಬುಕ್ ಎರಡರಲ್ಲೂ ಕಂಪನಿ ಹೆಸರು ಬರುತ್ತೆ. ಸಂಬಳ ಬಂದಿತ್ತು ಅನ್ನೋದಕ್ಕೆ ಬೇರೆ ಬೇರೆ ಬಗೆಯ ಎರಡು ದಾಖಲೆ ಬೇಕು, ಇವೇ ಆಗುತ್ತವೆ.

ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್, ಪಾಸ್‌ಪೋರ್ಟಲ್ಲಿ ಪೂರ್ತಿ ಹೆಸರು ಇದ್ದವರು ಎರಡೂ ಒಬ್ಬರದೇ ಅನ್ನೋ ಅಫಿಡವಿಟ್ಟನ್ನೂ ಅದೇ ನೋಟರಿ ಹತ್ತಿರ ಮಾಡಿಸಿಬಿಡಿ.