ಲೆಕ್ಕದಲ್ಲಿ 6 ವೋಲ್ಟ್, ಲೋಡ್ ಹಾಕಿದರೆ 3: ಎಲ್ಲಿ ಹೋಯಿತು ಉಳಿದದ್ದು?

ಪ್ರಶ್ನೆ: ಮೇಡಂ, ಒಂದು ಸಣ್ಣ ಸರ್ಕ್ಯೂಟ್ ಎರಡು ದಿನದಿಂದ ತಲೆ ತಿನ್ನುತ್ತಿದೆ. 12 ವೋಲ್ಟ್ ಡಿಸಿ ಸಪ್ಲೈಗೆ ಎರಡು 2 ಕಿಲೋ ಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿದ್ದೇನೆ. ಮಧ್ಯದ ಜಾಯಿಂಟ್‌ನಲ್ಲಿ 6 ವೋಲ್ಟ್ ಬರಬೇಕಿತ್ತು, ಬಂತು. ಅಲ್ಲಿಂದ ನೆಗೆಟಿವ್‌ಗೆ 1 ಕಿಲೋ ಓಮ್ ಲೋಡ್ (ಕರೆಂಟ್ ಬಳಸುವ ರೆಸಿಸ್ಟರ್) ಕೊಟ್ಟೆ, ತಕ್ಷಣ 3ಕ್ಕೆ ಇಳಿಯಿತು. ಸಪ್ಲೈ 12ರಲ್ಲೇ ಇದೆ. ರೆಸಿಸ್ಟರ್ ಬದಲಾಯಿಸಿದೆ, ಅದೇ ಕಥೆ. ಸೀರೀಸ್ ರೆಸಿಸ್ಟರ್‌ಗಳು ತಮ್ಮ ಓಮ್ ಪ್ರಮಾಣದಲ್ಲೇ ವೋಲ್ಟೇಜ್ ಹಂಚಿಕೊಳ್ಳುತ್ತವೆ ಅನ್ನುವ ವೋಲ್ಟೇಜ್ ಡಿವೈಡರ್ ಸೂತ್ರ ಲೋಡ್ ಇಲ್ಲದಾಗ ಮಾತ್ರ ನಿಜಾನಾ?

ಉತ್ತರ: ನೀವು ಕೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಸೂತ್ರ ಸರಿ, ಆದರೆ ಅದು ಎರಡು ರೆಸಿಸ್ಟರ್‌ನಲ್ಲೂ ಒಂದೇ ಕರೆಂಟ್ ಹರಿಯುವಾಗ ಮಾತ್ರ ನಡೆಯುತ್ತದೆ. ಸೀರೀಸ್ ಅಂದರೆ ಚಿತ್ರದಲ್ಲಿ ಒಂದರ ಕೆಳಗೆ ಒಂದು ಇರುವುದಲ್ಲ. ಒಂದರಿಂದ ಹೊರಟ ಕರೆಂಟ್‌ಗೆ ಮುಂದಿನದಕ್ಕೆ ಹೋಗದೆ ಬೇರೆ ದಾರಿಯೇ ಇರಬಾರದು. ನೀವು ಲೋಡ್ ಹಾಕಿದ ಕ್ಷಣ ಮಧ್ಯದಲ್ಲಿ ಕವಲು ಬಂತು. ಈಗ ಅವೆರಡು ಸೀರೀಸ್ ಅಲ್ಲ.

ಲೆಕ್ಕ ಹೀಗೆ. ಕೆಳಗಿನ 2 ಕಿಲೋ ಮತ್ತು ಲೋಡಿನ 1 ಕಿಲೋ ಪ್ಯಾರಲಲ್ (ಎರಡೂ ಅದೇ ಎರಡು ಬಿಂದುಗಳ ನಡುವೆ ಇವೆ), ಗುಣಿಸಿ ಮೊತ್ತದಿಂದ ಭಾಗಿಸಿದರೆ ಸುಮಾರು 667 ಓಮ್. ಮೇಲಿನ 2000 ಸೇರಿಸಿ ಒಟ್ಟು 2667. 12 ವೋಲ್ಟನ್ನು ಅದರಿಂದ ಭಾಗಿಸಿ, 4.5 ಮಿಲಿ ಆಂಪ್. ಮೇಲಿನ ರೆಸಿಸ್ಟರ್ 9 ವೋಲ್ಟ್ ತಿಂದುಬಿಟ್ಟಿತು, ಉಳಿದದ್ದು 3. ಆ 3 ವೋಲ್ಟ್‌ನಲ್ಲಿ ಕೆಳಗಿನದಕ್ಕೆ 1.5 ಮಿಲಿ ಆಂಪ್, ಲೋಡ್‌ಗೆ 3 ಮಿಲಿ ಆಂಪ್, ಕೂಡಿದರೆ ಮತ್ತೆ 4.5. ಬಂದಷ್ಟು ಹೋಗಲೇಬೇಕು. ಜರ್ಮನ್ ಭೌತವಿಜ್ಞಾನಿ ಕಿರ್ಚಾಫ್ 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಬರೆದಿಟ್ಟ ನಿಯಮ ಅದೇ.

ಇದರ ಜೊತೆ ಪವರ್ (ವೋಲ್ಟ್ ಗುಣಿಸು ಕರೆಂಟ್) ಕೂಡ ಒಮ್ಮೆ ಕೂಡಿಸಿ ನೋಡಿ, ನಾನು ಯಾವಾಗಲೂ ಮಾಡುತ್ತೇನೆ. ಮೇಲಿನದರಲ್ಲಿ 40.5, ಕೆಳಗಿನದರಲ್ಲಿ 4.5, ಲೋಡ್‌ನಲ್ಲಿ 9, ಒಟ್ಟು 54 ಮಿಲಿ ವ್ಯಾಟ್. ಸಪ್ಲೈ ಕೊಟ್ಟದ್ದು 12 ಗುಣಿಸು 4.5, ಅದೂ 54. ಇದು ತಾಳೆಯಾಗದಿದ್ದರೆ ಮೇಲೆ ಎಲ್ಲೋ ಎಡವಿದ್ದೀರಿ ಅಂತಲೇ ಅರ್ಥ.

ಮರುಪ್ರಶ್ನೆ: ಅರ್ಥ ಆಯಿತು. ಆದರೆ ಪ್ರತಿ ಲೋಡ್‌ಗೂ ಇಷ್ಟೆಲ್ಲ ಮೊದಲಿನಿಂದ ಮಾಡಬೇಕಾ? ಮತ್ತೆ, 6 ವೋಲ್ಟ್ ನಿಲ್ಲಬೇಕು ಅಂದರೆ ಚಿಕ್ಕ ರೆಸಿಸ್ಟರ್ ಹಾಕಿದರೆ ಸಾಕಲ್ವಾ?

ಉತ್ತರ: ಮೊದಲನೆಯದಕ್ಕೆ ಥೆವೆನಿನ್ ಪ್ರಮೇಯ ಇದೆ: ಲೋಡ್ ಪಾಲಿಗೆ ಇಡೀ ಸರ್ಕ್ಯೂಟನ್ನು ಒಂದು ಬ್ಯಾಟರಿ, ಒಂದು ರೆಸಿಸ್ಟರ್ ಅಂತ ನೋಡಬಹುದು. ಲೋಡ್ ತೆಗೆದು ಅಳೆದರೆ 6 ವೋಲ್ಟ್, ಇದು ಒಂದು ಸಂಖ್ಯೆ. ಸಪ್ಲೈ ಜಾಗದಲ್ಲಿ ಬರೀ ವೈರ್ ಇದೆ ಅಂತ ಅಂದುಕೊಂಡು (ಕಾಗದದ ಮೇಲೆ ಮಾತ್ರ, ನಿಜವಾಗಿ ಶಾರ್ಟ್ ಮಾಡಬೇಡಿ ಪುಣ್ಯಾತ್ಮರೇ) ಲೋಡ್ ಇದ್ದ ಕಡೆಯಿಂದ ಒಳಗೆ ನೋಡಿದರೆ ಎರಡು 2 ಕಿಲೋ ಪ್ಯಾರಲಲ್, ಅಂದರೆ 1 ಕಿಲೋ. ಇನ್ನು ಮೇಲೆ ಲೋಡ್ ಪಾಲಿಗೆ ನಿಮ್ಮ ಸರ್ಕ್ಯೂಟ್ ಅಂದರೆ ಒಂದು 6 ವೋಲ್ಟ್ ಬ್ಯಾಟರಿ, ಅದರ ಹಿಂದೆ 1 ಕಿಲೋ, ಅಷ್ಟೇ. 1 ಕಿಲೋ ಲೋಡ್ ಹಾಕಿದರೆ ಅರ್ಧ, 3 ವೋಲ್ಟ್. ಬಾಯಲ್ಲೇ ಲೆಕ್ಕ.

ಎರಡನೆಯದು ಸ್ವಲ್ಪ ಮಟ್ಟಿಗೆ ಹೌದು. ಎರಡೂ 200 ಓಮ್ ಇಟ್ಟರೆ ಹಿಂದಿನ 1 ಕಿಲೋ 100 ಓಮ್ ಆಗುತ್ತದೆ, ಲೋಡ್‌ಗೆ 5.45 ವೋಲ್ಟ್ ಸಿಗುತ್ತದೆ. ಆದರೆ ಲೋಡ್ ಇಲ್ಲದಿದ್ದರೂ 30 ಮಿಲಿ ಆಂಪ್ ಸುಮ್ನೆ ಹರಿಯುತ್ತಿರುತ್ತದೆ. ಲೋಡ್ ಇದ್ದಾಗ ಮೇಲಿನ ರೆಸಿಸ್ಟರ್‌ನಲ್ಲಿ 0.21 ವ್ಯಾಟ್ ಸುಡುತ್ತದೆ, ಕಾಲು ವ್ಯಾಟ್‌ನದು ಹಾಕಿದ್ದರೆ ಮುಟ್ಟಿದಾಗ ಗೊತ್ತಾಗುತ್ತದೆ. ಲೋಡ್‌ಗೆ ಕರೆಂಟ್ ಕೊಡುವುದು ಡಿವೈಡರ್ ಕೆಲಸ ಅಲ್ಲ. ಅದಕ್ಕೆ ಲೋಡ್ ಬದಲಾದರೂ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿಯುವ ವೋಲ್ಟೇಜ್ ರೆಗ್ಯುಲೇಟರ್ ಬಳಸಿ.

ಇನ್ನೊಬ್ಬರ ಪ್ರಶ್ನೆ: ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇದೇ ಸರ್ಕ್ಯೂಟ್‌ನಲ್ಲಿ ಆ 1 ಕಿಲೋ ಲೋಡಿನ ಕೆಳತುದಿ ನೆಗೆಟಿವ್‌ಗೆ ನೇರವಾಗಿ ಹೋಗುವ ಬದಲು 3 ವೋಲ್ಟ್ ಬ್ಯಾಟರಿಯ ಪಾಸಿಟಿವ್‌ಗೆ ಹೋಗುತ್ತದೆ ಅಂದುಕೊಳ್ಳಿ, ಬ್ಯಾಟರಿಯ ನೆಗೆಟಿವ್ ಕೆಳಗಿನ ತಂತಿಗೆ. ಬ್ಯಾಟರಿಯಿಂದ ಬರುವ ಕರೆಂಟ್ ನನಗೆ ಮೈನಸ್ 1.5 ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಮೈನಸ್. ಎಲ್ಲಿ ತಪ್ಪಿದೆ?

ಉತ್ತರ: ಎಲ್ಲೂ ತಪ್ಪಿಲ್ಲ, ನಿಮ್ಮದು ಸರಿಯಾದ ಉತ್ತರ! ಮೈನಸ್ ನೋಡಿ ಹೆದರಿ ಅಳಿಸಿ ಹಾಕುವವರೇ ಜಾಸ್ತಿ.

ಎರಡು ಸೋರ್ಸ್ ಬಂದಾಗ ಸೀರೀಸ್, ಪ್ಯಾರಲಲ್ ಅಂತ ಹುಡುಕಬೇಡಿ. ಇಡೀ ಸರ್ಕ್ಯೂಟ್ ನೋಡುವ ಮೊದಲು ನೋಡ್, ಅಂದರೆ ತಂತಿಗಳು ಕೂಡುವ ಜಾಗ, ನೋಡಿ. ಮಧ್ಯದ ಜಾಯಿಂಟ್ ಒಂದೇ ಇಲ್ಲಿ ಗೊತ್ತಿಲ್ಲದ ನೋಡ್, ಅದರ ವೋಲ್ಟೇಜ್ 'ವಿ' ಅನ್ನಿ. ಕೆಳಗಿನ ತಂತಿ ಸೊನ್ನೆ. ಕಿಲೋ ಓಮ್‌ನಲ್ಲಿ ಬರೆದರೆ ಕರೆಂಟ್ ನೇರವಾಗಿ ಮಿಲಿ ಆಂಪ್‌ನಲ್ಲೇ ಬರುತ್ತದೆ, ಆ ಸೊನ್ನೆಗಳ ಕಾಟ ಇರುವುದಿಲ್ಲ:

(12 − ವಿ)/2 + (3 − ವಿ)/1 = ವಿ/2

ಬಿಡಿಸಿದರೆ 9 = 2ವಿ, ಅಂದರೆ ವಿ 4.5 ವೋಲ್ಟ್. ಬ್ಯಾಟರಿ ಕಡೆಯಿಂದ ಬರುವುದು 3 − 4.5, ಮೈನಸ್ 1.5 ಮಿಲಿ ಆಂಪ್. ನೋಡ್ 4.5ರಲ್ಲಿದೆ, ಬ್ಯಾಟರಿ 3ರಲ್ಲಿದೆ, ಕರೆಂಟ್ ಹರಿಯುವುದು ಬ್ಯಾಟರಿಯ ಒಳಗೇ ಅಲ್ವಾ? ನೀವು ಬಾಣ ಎತ್ತ ಹಾಕಿದ್ದಿರೋ ಅದಕ್ಕೆ ಉಲ್ಟಾ ಹರಿಯುತ್ತಿದೆ ಅನ್ನುವುದಷ್ಟೇ ಆ ಮೈನಸ್. ಬಾಣ ಮೊದಲು ಹೇಗೆ ಬೇಕಾದರೂ ಹಾಕಿ, ನಡುವೆ ಮಾತ್ರ ತಿರುಗಿಸಬೇಡಿ. ತಪ್ಪು ಆಗುವುದೇ ಅಲ್ಲಿ. ಒಂದು ಎಚ್ಚರ: ಬ್ಯಾಟರಿ ಚಾರ್ಜ್ ಮಾಡಬಾರದ ಜಾತಿಯದಾದರೆ ಈ ಸರ್ಕ್ಯೂಟನ್ನು ಕಾಗದದಲ್ಲೇ ಬಿಡಿ.

ಮೇಲಿನ ಥೆವೆನಿನ್ ಜೊತೆ ಹೋಲಿಸಿ. ಬ್ಯಾಟರಿ 3ರ ಬದಲು 6 ವೋಲ್ಟ್ ಆಗಿದ್ದರೆ ಎರಡೂ ಕಡೆ 6, ಆ 1 ಕಿಲೋದಲ್ಲಿ ಒಂದು ಹನಿ ಕರೆಂಟೂ ಇಲ್ಲ. 6ಕ್ಕಿಂತ ಜಾಸ್ತಿ ಆದರೆ ಬ್ಯಾಟರಿ ಕೊಡಲು ಶುರು ಮಾಡುತ್ತದೆ.

ಮೊದಲಿನವರು: ಕೊನೆಯದು ಒಂದು. ಹಠಕ್ಕೆ ಬಿದ್ದು ಎರಡು 1 ಮೆಗಾ ಓಮ್ ಹಾಕಿದೆ, ಲೋಡ್ ಇಲ್ಲವೇ ಇಲ್ಲ. ಆದರೂ ಮಧ್ಯದಲ್ಲಿ 5.7 ತೋರಿಸುತ್ತಿದೆ. ಈಗೇನು ಹೇಳುತ್ತೀರಿ?

ಉತ್ತರ: ಲೋಡ್ ಇದೆ, ನಿಮ್ಮ ಕೈಯಲ್ಲೇ ಹಿಡಿದಿದ್ದೀರಿ. ಮೀಟರ್! ಡಿಜಿಟಲ್ ಮೀಟರ್‌ಗೆ ಸಾಮಾನ್ಯವಾಗಿ 10 ಮೆಗಾ ಓಮ್ ಒಳ ರೆಸಿಸ್ಟೆನ್ಸ್ ಇರುತ್ತದೆ. ಈಗ ಹಿಂದಿನ ರೆಸಿಸ್ಟೆನ್ಸ್ ಅರ್ಧ ಮೆಗಾ, ಆದ್ದರಿಂದ 6 ಗುಣಿಸು 10, ಭಾಗಿಸು 10.5, ಅಂದರೆ 5.71. ನಿಮ್ಮ 2 ಕಿಲೋ ಸರ್ಕ್ಯೂಟ್‌ನಲ್ಲೂ ಮೀಟರ್ ಇದೇ ಕೆಲಸ ಮಾಡಿತ್ತು, ಹಿಂದೆ ಇದ್ದದ್ದು ಬರೀ 1 ಕಿಲೋ ಆದ್ದರಿಂದ ಕಣ್ಣಿಗೆ ಬೀಳಲಿಲ್ಲ.

ಮೊದಲಿನವರು: ಇನ್ನೊಂದು ಮೀಟರ್ ತಂದು ಎರಡನ್ನೂ ಒಟ್ಟಿಗೆ ಅದೇ ಜಾಗಕ್ಕೆ ಇಟ್ಟೆ ಮೇಡಂ. 5.45ಕ್ಕೆ ಇಳಿಯಿತು.

ಉತ್ತರ: ಎರಡು 10 ಮೆಗಾ ಪ್ಯಾರಲಲ್ ಅಂದರೆ 5 ಮೆಗಾ. 6 ಗುಣಿಸು 5, ಭಾಗಿಸು 5.5. ಎರಡು ಮೀಟರ್‌ಗಳೂ ಸರಿಯಾಗಿವೆ ನಿಮ್ಮವು.