ಕಡತ ಪರಿಶೀಲನೆಯಲ್ಲಿದೆ

ಗಿರಿಯ ಪಂಚಾಂಗದ ಆ್ಯಪಿನಲ್ಲಿ ‘ಕೃಷ್ಣ ಪಕ್ಷ’ವು ‘ಕೃಷ ಪಕ’ವಾದದ್ದು ಫೋನಿನ ವೇದಿಕೆಗೆ, ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶಕ್ಕೆ, ಹೊಸ ಆವೃತ್ತಿ ಬಂದ ಮರುದಿನ. ಸಾಲಿನ ಎತ್ತರವನ್ನು ಲೆಕ್ಕ ಹಾಕುವ ಕ್ರಮದಲ್ಲಿ ಏನೋ ಏರುಪೇರಾಗಿ, ಅಕ್ಷರಗಳ ಕೆಳಗೆ ನಿಲ್ಲಬೇಕಾದ ಒತ್ತುಗಳೆಲ್ಲ ಅರ್ಧಕ್ಕೇ ಕತ್ತರಿಸಿಹೋಗಿದ್ದವು. ತಪ್ಪು ವೇದಿಕೆಯನ್ನು ಕಟ್ಟಿದ ಕಂಪನಿಯದು. ಬೈಗುಳ ಮಾತ್ರ ಗಿರಿಗೆ. ಬಳಕೆದಾರರೊಬ್ಬರು ಒಂದೇ ಒಂದು ನಕ್ಷತ್ರ ಕೊಟ್ಟು, ‘ಒತ್ತಕ್ಷರ ಬಾರದವರು ಪಂಚಾಂಗಕ್ಕೆ ಕೈಹಾಕಬಾರದು’ ಎಂದು ಬರೆದಿದ್ದರು.

ಭಾನುವಾರದ ಕಾಫಿಗೆ ಸೇರಿದ್ದವರಲ್ಲಿ ಈ ಸಂಕಟವನ್ನು ಪೂರ್ತಿಯಾಗಿ ಅರ್ಥ ಮಾಡಿಕೊಂಡವರು, ಸೋಜಿಗವೆಂದರೆ, ಸಾಫ್ಟ್‌ವೇರಿನ ಗಂಧಗಾಳಿ ಇಲ್ಲದ ಸೀನಣ್ಣನವರು. ತಾಲ್ಲೂಕು ಕಚೇರಿಯಲ್ಲಿ ವಿಷಯ ನಿರ್ವಾಹಕರಾಗಿದ್ದು ನಿವೃತ್ತರಾದ ಅವರಿಗೆ, ಜಗತ್ತಿನ ಯಾವ ಮೂಲೆಯಲ್ಲಿ ಯಾರು ಅರ್ಜಿ ಕೊಟ್ಟರೂ ಅದರ ಮುಂದಿನ ಗತಿಯು ಅಂಗೈ ಮೇಲಿನ ನೆಲ್ಲಿಕಾಯಿಯಷ್ಟು ಸ್ಪಷ್ಟ.

“ಮೊದಲು ಯಾವ ಕಂಪನಿ ಎಂದು ಹೇಳು,” ಎಂದರು ಪದ್ಮಕ್ಕ.

“ಹೆಸರು ಬೇಡ ಪದ್ಮಕ್ಕ. ನಾಳೆಯೂ ನನ್ನ ಆ್ಯಪು ಅವರ ಅಂಗಡಿಯಲ್ಲೇ ಇರಬೇಕು,” ಎಂದ ಗಿರಿ. “ಏನು ಮಾಡಿದರೆ ತೊಂದರೆ ಕಾಣಿಸುತ್ತದೆ, ಏನಾಗಬೇಕಿತ್ತು, ಏನಾಯಿತು ಎಂಬುದನ್ನೆಲ್ಲ ಅವರು ಕೇಳಿದ ಕ್ರಮದಲ್ಲೇ ಬರೆದು, ಅದನ್ನಷ್ಟೇ ತೋರಿಸುವ ಪುಟ್ಟ ಮಾದರಿ ಆ್ಯಪೊಂದನ್ನೂ ಜೊತೆಗಿಟ್ಟು ದೂರು ಕಳುಹಿಸಿದೆ. ಎಷ್ಟೋ ವಾರಗಳ ಮೇಲೆ ಉತ್ತರ ಬಂತು. ಫೋನಿನ ಸಮಸ್ತ ಲಾಗ್‌ಗಳನ್ನೂ ಕಳುಹಿಸಬೇಕಂತೆ.”

ಈ ಲಾಗ್‌ಗಳ ಮೂಟೆಯನ್ನು ಆ್ಯಪಲ್ಲಿನವರು ಸಿಸ್‌ಡಯಾಗ್ನೋಸ್ ಎನ್ನುತ್ತಾರೆ, ಆ್ಯಂಡ್ರಾಯ್ಡಿನವರು ಬಗ್ ರಿಪೋರ್ಟ್ ಎಂದೇ ಕರೆಯುತ್ತಾರೆ. ಆ ಹೊತ್ತಿನಲ್ಲಿ ಫೋನಿನೊಳಗೆ ಯಾವ ಯಾವ ಆ್ಯಪು ಓಡುತ್ತಿತ್ತು, ಯಾವುದು ಎಷ್ಟು ಮೆಮೊರಿ ತಿನ್ನುತ್ತಿತ್ತು, ಯಾವುದು ಸತ್ತು ಬಿತ್ತು ಎಂಬ ಚರಿತ್ರೆಯೆಲ್ಲ ಅದರೊಳಗಿರುತ್ತದೆ. ಕಾರಣವೇ ಇಲ್ಲದೆ ಫೋನು ತಾನಾಗಿ ರೀಸ್ಟಾರ್ಟ್ ಆಗುವಂತಹ ಕಾಯಿಲೆಯನ್ನು ಈ ಮೂಟೆಯಿಲ್ಲದೆ ಪತ್ತೆ ಹಚ್ಚುವುದು ಕಷ್ಟ, ಅದನ್ನು ಒಪ್ಪಬೇಕು. ಆದರೆ ಬರಿಗಣ್ಣಿಗೆ ಕಾಣುವ ಒತ್ತಿನ ವಿಷಯದಲ್ಲಿ ಅದು ಏನು ಸಾಕ್ಷಿ ಹೇಳೀತು?

“ಅದು ಸರಿಯಾದ ಕ್ರಮವೇ,” ಎಂದರು ಸೀನಣ್ಣನವರು. “ಆ ಅಡಕ ಬೇಕಾಗಿಲ್ಲ ಎನ್ನುವುದು ಕೇಳಿದವನಿಗೂ ಗೊತ್ತಿರುತ್ತದೆ. ಆದರೆ ಕೇಳಿದ ದಿನದಿಂದ ಆಗುವ ವಿಳಂಬವೆಲ್ಲ ಅರ್ಜಿದಾರನ ಲೆಕ್ಕಕ್ಕೆ ಹೋಗುತ್ತದೆ. ಮುಂದೇನಾಯಿತು?”

“ಲಾಗ್ ಕಳುಹಿಸಿದೆ. ನಾನು ಇಟ್ಟಿದ್ದ ಎರಡು ಚಿತ್ರಗಳ ನಡುವೆ ತಮಗೆ ವ್ಯತ್ಯಾಸವೇ ಕಾಣುವುದಿಲ್ಲ ಎಂದು ಬರೆದರು.”

ಪದ್ಮಕ್ಕ ಅವನ ಫೋನನ್ನು ಕಸಿದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ಪರದೆಯನ್ನು ಮೂಗಿನ ಹತ್ತಿರಕ್ಕೆ ತಂದು ನೋಡಿದರು. ‘ಪಕ್ಷ’ದ ಕಕಾರದ ಕೆಳಗೆ ಷಕಾರದ ಒತ್ತಿನ ನೆತ್ತಿ ಮಾತ್ರ ಕೂದಲೆಳೆಯಷ್ಟು ಇಣುಕುತ್ತಿತ್ತು, ಅದರ ಕೆಳಗೆ ಅಳತೆಗೋಲಿಟ್ಟು ಕೊಯ್ದಂತೆ ಬಿಳಿಯ ಪಟ್ಟಿ. “ಇದೇನು, ಅಮಾವಾಸ್ಯೆಯೂ ಅಮಾವಾಸೆಯಾಗಿದೆ! ಆದರೆ ನಮ್ಮ ಅತ್ತೆಯವರು ಹಾಗೇ ಅನ್ನುತ್ತಿದ್ದರು, ಅದೊಂದನ್ನು ಬಿಟ್ಟುಬಿಡು,” ಎಂದು ತೀರ್ಪು ಕೊಟ್ಟರು.

“ಕಡೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಎಲ್ಲಿ ಏನು ಕಾಣೆಯಾಗಿದೆ ಎಂದು ಬಾಣ ಬರೆದು ಕಳುಹಿಸಿದೆ,” ಎಂದ ಗಿರಿ. ಮೇಷ್ಟರು ಮೆಚ್ಚಿ ತಲೆಯಾಡಿಸಿದರು. ಸೇವೆಯಲ್ಲಿದ್ದಷ್ಟೂ ಕಾಲ ಅವರು ಉತ್ತರಪತ್ರಿಕೆಗಳ ಮೇಲೆ ಮಾಡಿದ್ದು ಅದನ್ನೇ. “ಅದಾದ ಮೇಲೆ ನನ್ನ ದೂರನ್ನು ಡೂಪ್ಲಿಕೇಟ್ ಎಂದು ಮುಚ್ಚಿದರು. ಮೂಲ ದೂರಿನ ಸಂಖ್ಯೆ ಕೊಟ್ಟಿದ್ದಾರೆ, ತೆರೆದು ನೋಡಲು ಅನುಮತಿ ಇಲ್ಲ.”

“ಭೇಷ್!” ಎಂದು ಸೀನಣ್ಣನವರು ಮೇಜು ತಟ್ಟಿದರು. “‘ಇದೇ ವಿಷಯವು ಬೇರೊಂದು ಕಡತದಲ್ಲಿ ಪರಿಶೀಲನೆಯಲ್ಲಿರುವುದರಿಂದ ಸದರಿ ಅರ್ಜಿಯನ್ನು ಮುಕ್ತಾಯಗೊಳಿಸಿದೆ’ ಎಂದು ನಾನೇ ಎಷ್ಟು ಹಿಂಬರಹ ಕೊಟ್ಟಿಲ್ಲ!”

“ಆ ಬೇರೊಂದು ಕಡತ ಎಲ್ಲಿರುತ್ತಿತ್ತು?” ಎಂದು ಮೇಷ್ಟರು ಕೇಳಿದರು.

“ಇರುತ್ತಿತ್ತು,” ಎಂದಷ್ಟೇ ಹೇಳಿ ಸೀನಣ್ಣನವರು ಕಾಫಿ ಹೀರಿದರು.

ಮೂಲ ಕಡತವನ್ನು ತೋರಿಸುವ ವಿಷಯದಲ್ಲಿ ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ಆ್ಯಪಲ್ಲಿನ ಒಳಗೆ ಬಗ್‌ಗಳ ದಾಖಲೆಗೆ ರೇಡಾರ್ ಎಂಬ ಹೆಸರಿದೆ. ಹೊರಗಿನವರು ಫೀಡ್‌ಬ್ಯಾಕ್ ಅಸಿಸ್ಟೆಂಟ್ ಎಂಬ ಕಿಟಕಿಯಲ್ಲಿ ದೂರು ಹಾಕಬೇಕು, ಅಲ್ಲಿ ಅವರಿಗೆ ಕಾಣುವುದು ತಮ್ಮ ದೂರುಗಳು ಮಾತ್ರ. ಇದರಿಂದ ಬೇಸತ್ತ ಡೆವಲಪರ್‌ಗಳು ತಮ್ಮ ದೂರಿನ ನಕಲನ್ನು ಓಪನ್ ರೇಡಾರ್ ಎಂಬಲ್ಲಿ ಎಲ್ಲರಿಗೂ ಕಾಣುವಂತೆ ತಾವೇ ಹಾಕಿಕೊಳ್ಳತೊಡಗಿದ್ದರು. ಗೂಗಲ್‌ನವರು ಆ್ಯಂಡ್ರಾಯ್ಡಿನ ಬಹಳಷ್ಟು ದೂರುಗಳನ್ನು ಬಹಿರಂಗವಾಗಿಯೇ ಇಟ್ಟಿದ್ದಾರೆ. ‘ನನಗೂ ಇದೇ ತೊಂದರೆ’ ಎನ್ನುವವರು ಅದಕ್ಕೊಂದು ನಕ್ಷತ್ರ ಒತ್ತಬಹುದು. ಗಿರಿ ಇಷ್ಟನ್ನು ವಿವರಿಸುತ್ತಲೇ ಮೇಷ್ಟರು, “ಹಾಗಾದರೆ ಒಂದು ಕಡೆ ಕಡತವೇ ಕಾಣುವುದಿಲ್ಲ, ಇನ್ನೊಂದು ಕಡೆ ಕಡತ ಅಲುಗಾಡದಿರುವುದು ಲೋಕಕ್ಕೆಲ್ಲ ಕಾಣುತ್ತದೆ,” ಎಂದರು. ಇದು ಪೂರ್ತಿ ನ್ಯಾಯವಾದ ಮಾತಲ್ಲ. ಕನ್ನಡ ಬರೀ ಚೌಕಟ್ಟುಗಳಾಗಿ ಕಾಣುತ್ತಿದ್ದ ಆ್ಯಂಡ್ರಾಯ್ಡ್ ಫೋನುಗಳ ಕಾಲ ನನಗೆ ನೆನಪಿದೆ, 2012ರಲ್ಲಿ 4.1ನೇ ಆವೃತ್ತಿ ಬಂದಾಗ ಕನ್ನಡ, ತೆಲುಗು, ಮಲಯಾಳಂ ಮೂರಕ್ಕೂ ಒಟ್ಟಿಗೆ ಜಾಗ ಸಿಕ್ಕಿತು. ಅಲುಗಾಡುವುದು ನಿಧಾನ, ಅಷ್ಟೆ.

“ಡೂಪ್ಲಿಕೇಟ್ ಎಂದು ಎದೆಗುಂದಬೇಡ,” ಎಂದು ನಾನು ಗಿರಿಗೆ ಸಮಾಧಾನ ಹೇಳಲು ಹೋಗಿ, ಹಂಗೇರಿಯ ಸಂಶೋಧಕ ಡೇವಿಡ್ ಶ್ಯೂಟ್ಸ್ ಅವರ ಕಥೆಯನ್ನು ತೆಗೆದೆ. ಬ್ಯಾಟರಿ ಮುಗಿದು ಆರಿಹೋದ ತಮ್ಮ ಗೂಗಲ್ ಪಿಕ್ಸೆಲ್ ಫೋನನ್ನು ಹಚ್ಚಿದಾಗ ಅವರು ಸಿಮ್ಮಿನ ಪಿನ್ನನ್ನು ಮೂರು ಸಲ ತಪ್ಪಾಗಿ ಒತ್ತಿ, ಬೀಗ ಬಿದ್ದ ಸಿಮ್ಮನ್ನು ತೆರೆಯುವ ಪಿಯುಕೆ ಎಂಬ ಸಂಖ್ಯೆ ಕೊಟ್ಟು ಬಿಡಿಸಿಕೊಂಡರು. ಆಮೇಲೆ ಫೋನಿನ ನಡವಳಿಕೆ ಏಕೋ ವಿಚಿತ್ರವಾಗಿದೆ ಎನ್ನಿಸಿ ಮತ್ತೆ ಮತ್ತೆ ಪರೀಕ್ಷಿಸಿದಾಗ, ತಮ್ಮ ಕೈಯಲ್ಲಿರುವ ಯಾವುದಾದರೊಂದು ಸಿಮ್ಮನ್ನು ತೂರಿಸಿ ಇದೇ ಕ್ರಮ ಅನುಸರಿಸಿದರೆ ಬೀಗ ಹಾಕಿದ ಫೋನು ತಾನಾಗಿ ತೆರೆದುಕೊಳ್ಳುತ್ತದೆ ಎಂಬುದು ಹೊರಬಿತ್ತು. ಅವರ ದೂರಿಗೂ ಸಿಕ್ಕ ಉತ್ತರ ಡೂಪ್ಲಿಕೇಟ್ ಎಂದೇ. ಆದರೆ ಮೊದಲ ದೂರಿನಿಂದ ಆಗದಿದ್ದ ಕೆಲಸ ಅವರ ದೂರಿನಿಂದ ಶುರುವಾದ ಕಾರಣಕ್ಕೆ ಗೂಗಲ್ ಅವರಿಗೆ 70,000 ಡಾಲರ್ ಕೊಟ್ಟಿತು. 2022ರ ನವೆಂಬರಿನ ಅಪ್‌ಡೇಟಿನಲ್ಲಿ ಬೀಗವೂ ಸರಿಹೋಯಿತು.

ಅರ್ಧ ಕೋಟಿ ರೂಪಾಯಿಗೂ ಮಿಗಿಲಾಯಿತು ಎಂದು ಪದ್ಮಕ್ಕ ಬೆರಳು ಮಡಿಸಿ ಲೆಕ್ಕ ಹಾಕಿ, “ನಿನ್ನ ಒತ್ತಿಗೆ ಎಷ್ಟು ಕೊಡುತ್ತಾರೆ?” ಎಂದು ಕೇಳಿದರು.

“ಸೊನ್ನೆ. ಬಹುಮಾನವೇನಿದ್ದರೂ ಬೀಗ ಮುರಿಯುವ ದೋಷಗಳಿಗೆ.”

ಮೇಷ್ಟರಿಗೆ ಈಗ ಆವೇಶ ಬಂತು. “ಹಣದ ಮಾತು ಹಾಗಿರಲಿ, ದೂರು ಕೊಡುವ ಬಾಗಿಲಾದರೂ ಎಲ್ಲಿದೆ? 2019ರ ಜನವರಿಯಲ್ಲಿ ಅಮೆರಿಕದ ಅರಿಜೋನಾದ ಹದಿನಾಲ್ಕು ವರ್ಷದ ಹುಡುಗನೊಬ್ಬ, ಆ್ಯಪಲ್ಲಿನ ಫೇಸ್‌ಟೈಮ್ ಎಂಬ ವೀಡಿಯೊ ಕರೆಯ ಆ್ಯಪಿನ ಗುಂಪು ಕರೆಯಲ್ಲಿ ಆ ಕಡೆಯವರು ಫೋನು ಎತ್ತುವ ಮುನ್ನವೇ ಅವರ ಮಾತೆಲ್ಲ ಕೇಳಿಸುತ್ತದೆ ಎಂದು ಕಂಡುಹಿಡಿದ. ಅವನ ತಾಯಿ ವಕೀಲೆ. ಆಕೆ ಈಮೇಲ್ ಬರೆದರು, ಟ್ವೀಟ್ ಮಾಡಿದರು, ಫ್ಯಾಕ್ಸ್ ಕೂಡ ಕಳುಹಿಸಿದರು. ಬಂದ ಸಲಹೆ ಏನು ಗೊತ್ತೆ? ಡೆವಲಪರ್ ಆಗಿ ನೋಂದಾಯಿಸಿಕೊಂಡು ಬಗ್ ರಿಪೋರ್ಟ್ ಸಲ್ಲಿಸಿ ಎಂದು!”

“ನಿಗದಿತ ನಮೂನೆ,” ಎಂದು ಸೀನಣ್ಣನವರು ಭಕ್ತಿಯಿಂದ ಉಸುರಿದರು.

“ಆ ತಿಂಗಳ 28ರಂದು ಸುದ್ದಿ ಊರೆಲ್ಲ ಹಬ್ಬಿದ ಮೇಲೆ, ಅದೇ ದಿನ ಗುಂಪು ಕರೆಯ ಸೌಲಭ್ಯವನ್ನೇ ನಿಲ್ಲಿಸಿಬಿಟ್ಟರು. ಫೆಬ್ರವರಿ 7ಕ್ಕೆ ಅಪ್‌ಡೇಟು ಬಂತು. ಹುಡುಗನ ಹೆಸರನ್ನೂ ಹಾಕಿದರು, ಅವನ ಓದಿಗೆ ನೆರವನ್ನೂ ಕೊಟ್ಟರು. ಕೊಡಲಿ, ಸಂತೋಷ. ಆದರೆ ಆ ಫ್ಯಾಕ್ಸು ಯಾವ ಮೇಜಿನ ಮೇಲಿತ್ತು?”

ಸೀನಣ್ಣನವರು ತಮ್ಮ ವರ್ಗದವರನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಕಂಪನಿಗೆ ಬರುವ ಟಪಾಲಿನಲ್ಲಿ ನೂರಕ್ಕೆ ತೊಂಬತ್ತು ‘ನನ್ನ ಫೋನು ಸರಿಯಿಲ್ಲ’ ಎಂಬ ಒಂದೇ ಸಾಲಿನದಾಗಿರುತ್ತದೆ ಎಂದು, ಯಾವ ಆಧಾರವೂ ಇಲ್ಲದೆ, ಅನುಭವವೊಂದರ ಬಲದಿಂದಲೇ ಪ್ರಮಾಣ ಮಾಡಿದರು. ಅವರ ಮೆಚ್ಚುಗೆ ಶಿಖರಕ್ಕೇರಿದ್ದು 2011ರ ಹೊಸ ವರ್ಷದ ಸಂಗತಿಯನ್ನು ಗಿರಿ ಹೇಳಿದಾಗ. ಆ ಜನವರಿ 1 ಮತ್ತು 2ರಂದು ಎಷ್ಟೋ ಐಫೋನುಗಳಲ್ಲಿ ಒಂದೇ ಸಲಕ್ಕೆಂದು ಇಟ್ಟ ಅಲಾರಂ ಹೊಡೆಯಲಿಲ್ಲ. 3ನೇ ತಾರೀಖಿನಿಂದ ಅದು ತಾನಾಗಿಯೇ ಸರಿಹೋಗುತ್ತದೆ ಎಂದು ಆ್ಯಪಲ್ ತಿಳಿಸಿತು.

“ಕಾಲವೇ ಪರಿಹಾರ ಎಂದು ಲಿಖಿತವಾಗಿ ಕೊಡುವ ಧೈರ್ಯ ನಮ್ಮ ತಹಶೀಲ್ದಾರರಿಗೂ ಇರಲಿಲ್ಲ!”

2012ರ ನವೆಂಬರಿನ ಆ್ಯಂಡ್ರಾಯ್ಡ್ 4.2ರಲ್ಲಿ ಪರಿಚಯಸ್ಥರ ಹುಟ್ಟುಹಬ್ಬ ನಮೂದಿಸುವ ಕಡೆ ಡಿಸೆಂಬರ್ ತಿಂಗಳೇ ಇರಲಿಲ್ಲ ಎಂಬುದನ್ನು ಕೇಳಿ, ಡಿಸೆಂಬರಿನಲ್ಲಿ ಹುಟ್ಟಿದ ಪದ್ಮಕ್ಕ ಮಾತ್ರ ಕೆರಳಿದರು. ಅದನ್ನು 4.2.1ರಲ್ಲಿ ಸರಿಪಡಿಸಿದರೆಂದು ಹೇಳಿದರೂ ಅವರು ಪೂರ್ತಿ ತಣ್ಣಗಾಗಲಿಲ್ಲ.

“ಅಕ್ಷರದ ದೂರಿಗೂ ಅವರು ಓಡೋಡಿ ಬಂದದ್ದುಂಟು,” ಎಂದ ಗಿರಿ. “2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಒಂದೇ ಅಕ್ಷರ ಮೆಸೇಜಿನಲ್ಲಿ ಬಂದರೆ ಐಫೋನಿನ ಆ್ಯಪುಗಳು ಕುಸಿದು ಬೀಳುತ್ತಿದ್ದವು. ಅಕ್ಷರದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಕೊಂಡಿತ್ತು. ಅದನ್ನು ಹೇಗೆ ಜೋಡಿಸಿ ಬರೆಯಬೇಕೆಂದು ತಿಳಿಯದೆ ವ್ಯವಸ್ಥೆ ಮುಗ್ಗರಿಸುತ್ತಿತ್ತು. ಪತ್ರಿಕೆಗಳಲ್ಲಿ ಬಂದ ಕೆಲವೇ ದಿನಗಳಲ್ಲಿ, 19ನೇ ತಾರೀಖಿಗೆ, 11.2.6 ಎಂಬ ಅಪ್‌ಡೇಟು ಬಂತು.”

“ಹಾಗಾದರೆ ನಿನ್ನ ಒತ್ತಿನ ದೋಷ ಅದು ಯಾರನ್ನೂ ಕೊಲ್ಲದಿರುವುದು,” ಎಂದರು ಮೇಷ್ಟರು.

ಆಗ ಸೀನಣ್ಣನವರು ಹೊಸ ಅರ್ಜಿಯ ಕರಡನ್ನು ತಾವೇ ಹೇಳಿ ಬರೆಸಲು ಮುಂದಾದರು. ‘ವಿಷಯ: ಸದರಿ ವೇದಿಕೆಯಲ್ಲಿ ಒತ್ತಕ್ಷರಗಳು ಅಂಗಹೀನಗೊಂಡಿರುವ ಬಗ್ಗೆ. ಉಲ್ಲೇಖ: ತಮ್ಮ ಕಚೇರಿಯ ಹಿಂಬರಹಗಳು’ ಎಂಬಲ್ಲಿಗೆ ಗಿರಿ ಕೈಮುಗಿದು ನಿಲ್ಲಿಸಿದ. ಆದರೆ ಅದರ ಬೆನ್ನಿಗೇ ಅವರು ಕೇಳಿದ ಪ್ರಶ್ನೆ, ನನ್ನ ದೃಷ್ಟಿಯಲ್ಲಿ, ಆ ಬೆಳಗಿನ ಏಕೈಕ ತಾಂತ್ರಿಕ ಮಾತು. “ಅಲ್ಲಪ್ಪ, ಅರ್ಜಿ ಓದುವವನಿಗೆ ನಮ್ಮ ಲಿಪಿ ಬಾರದು. ಅವನಿಗೆ ಬರುವ ಲಿಪಿಯಲ್ಲಿ ಕೆಳಕ್ಕೆ ಬಾಲ ಬಿಡುವ ಅಕ್ಷರ ಯಾವುದೂ ಇಲ್ಲವೇ?”

ಗಿರಿ ಫೋನು ತೆಗೆದು ಇಂಗ್ಲಿಷಿನ ಸಣ್ಣ ‘ಜಿ’ ಅಕ್ಷರವನ್ನು ಬರೆದು, ಅಕ್ಷರದ ಗಾತ್ರವನ್ನು ಹಿಗ್ಗಿಸುತ್ತ ಹೋದ. ಅತಿ ದೊಡ್ಡ ಗಾತ್ರಕ್ಕೆ ಬಂದಾಗ ಅದರ ಬಾಲದ ತುದಿ, ಉಗುರು ಕತ್ತರಿಸಿದಷ್ಟು, ಮಾಯವಾಯಿತು. ಕನ್ನಡದ ಸುದ್ದಿಯನ್ನೇ ಎತ್ತದೆ, ‘ದೊಡ್ಡ ಗಾತ್ರದಲ್ಲಿ ಜಿ ಅಕ್ಷರದ ಬಾಲ ಕಾಣೆ’ ಎಂದು ಒಂದೇ ವಿಷಯದ ದೂರನ್ನು ಅಲ್ಲೇ ಕುಳಿತು ಕಳುಹಿಸಿದ.

ಈ ಸಲ ಯಾರೂ ಲಾಗ್ ಕೇಳಲಿಲ್ಲ. ಮುಂದಿನ ಪ್ರಯೋಗ ಆವೃತ್ತಿಯಲ್ಲೇ ಜಿ ಅಕ್ಷರಕ್ಕೆ ಪೂರ್ತಿ ಬಾಲ ಬಂತು. ದೂರಿನ ಮೇಲೆ ‘ಸರಿಪಡಿಸಲಾಗಿದೆ’ ಎಂಬ ಷರಾ ಬಿತ್ತು. ಗಿರಿ ಮರುವಾರ ಫೋನನ್ನು ಮೇಜಿನ ಮೇಲಿಟ್ಟಾಗ ನಾವೆಲ್ಲ ಬಾಗಿ ಪಂಚಾಂಗವನ್ನು ನೋಡಿದೆವು. ಜಿ ಅಕ್ಷರದ ಬಾಲಕ್ಕೆ ಎಷ್ಟು ಜಾಗ ಬೇಕೋ ಅಷ್ಟನ್ನು ಅವರು ಕರಾರುವಾಕ್ಕಾಗಿ ಸೇರಿಸಿದ್ದರು, ಒಂದು ಪಿಕ್ಸೆಲ್ಲೂ ಹೆಚ್ಚಿರಲಿಲ್ಲ. ಕೃಷ್ಣ ಪಕ್ಷದ ಒತ್ತುಗಳು ಹಣೆಯವರೆಗೆ ಕಾಣುತ್ತಿದ್ದದ್ದು ಈಗ ಮೂಗಿನವರೆಗೆ ಕಾಣುತ್ತಿದ್ದವು.

“ಭಾಗಶಃ ಪುರಸ್ಕರಿಸಿದೆ,” ಎಂದು ಸೀನಣ್ಣನವರು ಘೋಷಿಸಿದರು. “ಮೇಲ್ಮನವಿಗೆ ಅವಕಾಶವಿದೆ. ಇಂಗ್ಲಿಷಿನಲ್ಲಿ ಇದಕ್ಕಿಂತ ಉದ್ದದ ಬಾಲವಿರುವ ಅಕ್ಷರ ಯಾವುದಿದೆ, ಹುಡುಕು.”