ಬಾಲ್ಕನಿಯ ಪೈಪ್ ಗುಂಯ್‌ಗುಡುತ್ತದೆ, ಇದರಿಂದ ಕರೆಂಟ್ ತೆಗೆಯಬಹುದಾ?

ಠಾಣೆಯ_ಧಾರವಾಡಿಗ:
ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ನಮ್ಮ ಮನೆ, 14ನೇ ಮಹಡಿ. ಬಟ್ಟೆ ಒಣಗಿಸೋಕೆ ಬಾಲ್ಕನಿಗೆ ಎರಡು ಮೀಟರಿನ ಅಲ್ಯೂಮಿನಿಯಂ ಪೈಪ್ ಹಾಕಿಸಿದ್ದೇವೆ. ದಪ್ಪ 25 ಮಿಲಿಮೀಟರ್. ಮಳೆಗಾಳಿ ಶುರುವಾದಾಗಿನಿಂದ ರಾತ್ರಿಯೆಲ್ಲ ಗುಂಯ್ ಅನ್ನುತ್ತದೆ. ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ವಿಚಿತ್ರ ಏನಂದ್ರೆ, ಜೋರು ಗಾಳಿಗೆ ಸುಮ್ಮನಿರುತ್ತದೆ, ಹದವಾದ ಗಾಳಿಗೇ ಹಾಡುತ್ತದೆ. ಅತ್ತೆ ಅಂತೂ "ನಿಮ್ಮ ತಂಬೂರಿ ಶ್ರುತಿ ಇಳಿದಿದೆ, ನಿಲ್ಲಿಸಿ" ಅಂತಾರೆ.

ರೆಕ್ಕೆ ಇಲ್ಲದೆ ಬರೀ ಅಲ್ಲಾಡಿ ಕರೆಂಟ್ ಮಾಡೋ ಸ್ಪೇನಿನ ಕಂಬದ ವಿಡಿಯೊ ನೋಡಿದೆ. ನನ್ನ ಪೈಪಿನಿಂದ ಫೋನಾದ್ರೂ ಚಾರ್ಜ್ ಆಗುತ್ತಾ?

ಗಿರ್ಮಿಟ್_ಪುಣೆ:
ಮಳೆಗಾಲದಲ್ಲಿ ಸೇತುವೆ ಕಂಬದ ಹಿಂದೆ ನೀರು ಸುಳಿ ಬಿಡೋದು ನೋಡಿದ್ದೀರಲ್ಲ? ಗಾಳಿಯೂ ಹಾಗೇ. ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ಸುಳಿ ಕಳಚುತ್ತದೆ, ಪ್ರತಿ ಸಲ ಪೈಪನ್ನು ಅತ್ತಿತ್ತ ಎಳೆಯುತ್ತದೆ. ಎಷ್ಟು ಸಲ ಅಂತ ತಿಳಿಯೋಕೆ ಗಾಳಿಯ ವೇಗವನ್ನು 0.2ರಿಂದ ಗುಣಿಸಿ, ಮೀಟರಿನಲ್ಲಿ ಅಳೆದ ದಪ್ಪದಿಂದ (ನಿಮ್ಮದು 0.025) ಭಾಗಿಸಿ. ಸೆಕೆಂಡಿಗೆ 5 ಮೀಟರ್ ಗಾಳಿ ಇದ್ದರೆ ನಿಮ್ಮ ಪೈಪಿಗೆ ಸೆಕೆಂಡಿಗೆ 40 ಸಲ. ಎರಡೂ ತುದಿ ಬಿಗಿ ಹಿಡಿದ ಅಂಥ ಪೈಪಿನ ಸ್ವಂತ ಕಂಪನವೂ ಹೆಚ್ಚು ಕಮ್ಮಿ ಅಷ್ಟೇ. ಎರಡೂ ತಾಳ ಕೂಡಿದಾಗ ಹಾಡು. ಗಾಳಿ ಜೋರಾದರೆ ತಾಳ ತಪ್ಪುತ್ತದೆ.

ಇನ್ನು ಫೋನ್. ಪೈಪ್ ಗಾಳಿಗೆ ಒಡ್ಡೋ ಜಾಗ 0.05 ಚದರ ಮೀಟರ್. 5 ಮೀಟರ್ ವೇಗದಲ್ಲಿ ಅಷ್ಟು ಜಾಗದಲ್ಲಿ ಹಾಯುವ ಗಾಳಿಯ ಒಟ್ಟು ಶಕ್ತಿಯೇ 4 ವ್ಯಾಟಿಗಿಂತ ಕಮ್ಮಿ! ತಿರುಗೋ ರೆಕ್ಕೆಯೂ ಅದರಲ್ಲಿ 59%ಗಿಂತ ಜಾಸ್ತಿ ತೆಗೆಯಲಾರದು. ದೊಡ್ಡ ಟರ್ಬೈನ್ ಗೆಲ್ಲೋದು ಇಲ್ಲೇ. ರೆಕ್ಕೆ ತೆಳ್ಳಗಿದ್ದರೂ ಇಡೀ ವೃತ್ತದ ಗಾಳಿಯನ್ನು ಬಾಚುತ್ತದೆ. ಕಂಬ ತನ್ನ ಅಗಲದ ಆಚೀಚೆ ಸ್ವಲ್ಪ ಮಾತ್ರ.

ಆ ಸ್ಪೇನಿನವರು ವೋರ್ಟೆಕ್ಸ್ ಬ್ಲೇಡ್‌ಲೆಸ್ ಅನ್ನೋ ಕಂಪನಿ. ಡೇವಿಡ್ ಯಾನೆಜ್ ಎಂಬವರಿಗೆ 1940ರಲ್ಲಿ ಕುಸಿದ ಅಮೆರಿಕದ ಟಕೋಮಾ ಸೇತುವೆಯಿಂದ ಹೊಳೆದ ಐಡಿಯಾ. (ಆ ಸೇತುವೆ ಬಿದ್ದದ್ದು ಬರೀ ಸುಳಿಯಿಂದಲ್ಲ, ಫ್ಲಟರ್‌ನಿಂದ, ಅಂದ್ರೆ ತನ್ನ ಅಲುಗಾಟದಿಂದಲೇ ಗಾಳಿಯ ಶಕ್ತಿ ಹೀರಿ ಇನ್ನಷ್ಟು ಅಲುಗೋದರಿಂದ. ಇದಕ್ಕೆ ನಾನು ಎಷ್ಟು ಜನರ ಹತ್ತಿರ ಜಗಳ ಆಡಿದ್ದೇನೋ.) ಗೇರು ಇಲ್ಲ, ಎಣ್ಣೆ ಇಲ್ಲ, ಅದು ಒಳ್ಳೇದೇ. ಆದರೆ ಲೋಕವೆಲ್ಲ ಈ ಅಲುಗಾಟ ನಿಲ್ಲಿಸೋಕೇ ದುಡ್ಡು ಸುರಿಯೋದು. ಹೈಟೆನ್ಷನ್ ತಂತಿಗೆ ಟವರ್ ಪಕ್ಕದಲ್ಲಿ ಪುಟ್ಟ ಡಂಬೆಲ್ ನೇತಾಡುತ್ತಲ್ಲ, ಅದಕ್ಕೇ. ಉಕ್ಕಿನ ಚಿಮಣಿಯ ತುದಿಗೆ ಸ್ಕ್ರೂ ಥರ ಪಟ್ಟಿ ಸುತ್ತೋದೂ ಅದಕ್ಕೇ.

ವಾಸ್ಕೋ_ಮೀನುಪ್ರಿಯ:
ಗಿರ್ಮಿಟ್ ಸಾಹೇಬ್ರು ಯಾವತ್ತೂ ತಣ್ಣೀರೆರಚೋದೇ. ಪೈಪ್ ಬಿಡಿ, ಪಟ್ಟಿ ಹಿಡಿಯಿರಿ. 2007ರ ಸುಮಾರಿಗೆ ಶಾನ್ ಫ್ರೇನ್ ಅನ್ನೋರು ವಿಂಡ್‌ಬೆಲ್ಟ್ ಮಾಡಿದ್ದರು. ಬಿಗಿಯಾಗಿ ಕಟ್ಟಿದ ಪಟ್ಟಿ, ಅದರ ಮೇಲೆ ಅಯಸ್ಕಾಂತ, ಪಕ್ಕದಲ್ಲಿ ಕಾಯಿಲ್ (ತಂತಿಯ ಸುರುಳಿ), ಅಷ್ಟೇ. ಗಾಳಿಗೆ ಪಟ್ಟಿ ಅಲ್ಲಾಡಿದರೆ ಕಾಯಿಲ್‌ನಲ್ಲಿ ಕರೆಂಟ್. ಒಂದು ಎಲ್‌ಇಡಿಗೆ ಸಾಕು.

ಠಾಣೆಯ_ಧಾರವಾಡಿಗ:
ಎರಡು ಭಾನುವಾರ ಹೋಯ್ತು. ಹಳೇ ಕ್ಯಾಸೆಟ್ಟಿನ ಟೇಪ್ ಗ್ರಿಲ್‌ಗೆ ಕಟ್ಟಿದೆ, ಗುಂಡಿಯಷ್ಟು ಅಯಸ್ಕಾಂತ ಅಂಟಿಸಿದೆ, ಕೆಟ್ಟ ರಿಲೇ ಒಂದರ ಕಾಯಿಲ್ ಪಕ್ಕಕ್ಕಿಟ್ಟೆ. ಸಂಜೆ ಆರೂವರೆಗೆ ಕೆಂಪು ಎಲ್‌ಇಡಿ ಮಿಣುಕಿತು! ಮಗಳು ಕಿರುಚಿದ್ದಕ್ಕೆ ಪಕ್ಕದ ಮನೆ ಆಜಿ ಓಡಿ ಬಂದರು. ಹತ್ತು ನಿಮಿಷಕ್ಕೆ ಮಳೆ ಸಿಡಿದು ಅಂಟು ಬಿಟ್ಟಿತು, ಅಯಸ್ಕಾಂತ 14 ಮಹಡಿ ಕೆಳಗೆ. ಸದ್ಯ, ಯಾರ ತಲೆಗೂ ಬೀಳಲಿಲ್ಲ.

ಪೈಪಿಗೆ ಚಿಮಣಿ ಉಪಾಯ ಮಾಡಿದೆ, ನೈಲಾನ್ ಹಗ್ಗ ಸ್ಕ್ರೂ ಥರ ಸುತ್ತಿದೆ. ನಿನ್ನೆ ರಾತ್ರಿ ಅದೇ ಗಾಳಿ, ಸದ್ದೇ ಇಲ್ಲ. ಬೆಳಿಗ್ಗೆ ಅತ್ತೆ ಕೇಳಿದರು, "ಆ ತಂಬೂರಿ ಎಲ್ಲಿ ಹೋಯ್ತು, ನಿದ್ದೆನೇ ಹತ್ತಲಿಲ್ಲ."